ಹೊಣೆಯಿಲ್ಲದ ಕ್ಷಮೆ

ತಪ್ಪು ಮಾಡಿದವರು ಕ್ಷಮೆ ಕೇಳಬೇಕೆಂಬುದರಲ್ಲಿ ಯಾವ ಧರ್ಮಕ್ಕೂ ಭಿನ್ನಾಭಿಪ್ರಾಯವಿಲ್ಲ. ಆದರೆ ತಪ್ಪು ಮಾಡಿದವರು ಒಬ್ಬರು, ಕ್ಷಮೆ ಕೇಳುವವರು ಇನ್ನೊಬ್ಬರು, ಸರಿಪಡಿಸುವ ಅಧಿಕಾರ ಇರುವುದು ಯಾರ ಕಣ್ಣಿಗೂ ಬೀಳದ ಮತ್ತೆಲ್ಲೋ ಆದರೆ ಆ ಕ್ಷಮೆಗೆ ಕ್ಷಮೆಯೆಂಬ ಹೆಸರು ಸಲ್ಲುತ್ತದೆಯೇ? ಆನ್‌ಲೈನ್‌ನಲ್ಲಿ ಮೊಬೈಲನ್ನೋ ಲ್ಯಾಪ್‌ಟಾಪನ್ನೋ ತರಿಸಿ, ಬಂದದ್ದು ಕೆಟ್ಟ ಸರಕೆಂದು ಕಂಡುಕೊಂಡವರಿಗೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಪೆಟ್ಟಿಗೆ ಬಿಚ್ಚಿದರೆ ಫೋನು ಆನ್ ಆಗುವುದಿಲ್ಲ. ಮಾರಾಟ ಜಾಲತಾಣಕ್ಕೆ ಕರೆ ಮಾಡಿದರೆ ‘ನಾವು ವೇದಿಕೆ ಮಾತ್ರ, ಮಾರಿದವರು ಬೇರೆ’ ಎನ್ನುತ್ತಾರೆ. ಮಾರಿದವರು, ಫೋನು ಬರುವಾಗಲೇ ಕೆಟ್ಟಿತ್ತೆಂದು ಕಂಪನಿಯ ಸರ್ವಿಸ್ ಸೆಂಟರ್‌ನಿಂದ ಪತ್ರ ತನ್ನಿ ಎನ್ನುತ್ತಾರೆ. ಸರ್ವಿಸ್ ಸೆಂಟರ್‌ನವರು, ರಿಪೇರಿಯಾದರೆ ನಾವು ಮಾಡುತ್ತೇವೆ, ಬದಲಿ ಫೋನು ಬೇಕಾದರೆ ಮಾರಿದವರನ್ನೇ ಕೇಳಿ ಎನ್ನುತ್ತಾರೆ. ಕೊರಿಯರ್‌ನವರ ದಾಖಲೆಯಲ್ಲಿ ಓಟಿಪಿ ಕೊಟ್ಟಾಗಿದೆ, ಸರಕು ತಲುಪಿಯಾಗಿದೆ. ಬ್ಯಾಂಕು ತಿಂಗಳ ಕಂತನ್ನು ತಪ್ಪದೆ ಮುರಿದುಕೊಳ್ಳುತ್ತದೆ. ಹೋದಲ್ಲೆಲ್ಲ ಕೇಳಿಬರುವುದು ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಎಂಬ ಒಂದೇ ಮಾತು. ಇದನ್ನು ಆಡಳಿತದ ಹುಳುಕು ಎಂದುಕೊಂಡು ಸುಮ್ಮನಾಗುವುದು ರೂಢಿ. ನನ್ನ ವಾದ ಇದಕ್ಕಿಂತ ಗಂಭೀರವಾದದ್ದು. ಹಣ ಪಡೆಯುವವರು ಒಂದು ಕಡೆ, ಉತ್ತರ ಹೇಳುವವರು ಇನ್ನೊಂದು ಕಡೆ ಎಂದು ಮಾಡಿ, ಉತ್ತರ ಹೇಳುವವರಿಗೆ ಸರಿಪಡಿಸುವ ಅಧಿಕಾರವನ್ನೇ ಕೊಡದಿರುವುದು ನೈತಿಕವಾದ ತಪ್ಪು. ಅದರಿಂದ ಕೊಂಡವರಿಗೂ ಅನ್ಯಾಯವಾಗುತ್ತದೆ, ಉತ್ತರ ಹೇಳುವ ಕೆಲಸಕ್ಕೆ ನಿಂತವರಿಗೂ ಅನ್ಯಾಯವಾಗುತ್ತದೆ.

ಈ ವಿಂಗಡಣೆ ತಾನಾಗಿ ಆದದ್ದೇನಲ್ಲ. ಅದಕ್ಕೆ ಕಾನೂನಿನ ಆಧಾರವಿದೆ. ವಿದೇಶಿ ಬಂಡವಾಳ ಪಡೆದ ಇ-ವಾಣಿಜ್ಯ ಕಂಪನಿಗಳು ಭಾರತದಲ್ಲಿ ಮೊಬೈಲು, ಟಿವಿಯಂಥ ಸರಕಿನ ದಾಸ್ತಾನನ್ನು ತಾವೇ ಇಟ್ಟುಕೊಂಡು ಗ್ರಾಹಕರಿಗೆ ನೇರವಾಗಿ ಮಾರುವಂತಿಲ್ಲ. ಮಾರುವವರನ್ನೂ ಕೊಳ್ಳುವವರನ್ನೂ ಒಂದೆಡೆ ಸೇರಿಸುವ ಮಾರುಕಟ್ಟೆಯಾಗಿ ಮಾತ್ರ ಇರಬಹುದು. 2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ವಾರಂಟಿ, ಸರಕಿನ ರವಾನೆ, ಗ್ರಾಹಕರ ಸಮಾಧಾನ ಇವೆಲ್ಲ ಮಾರಾಟಗಾರರ ಹೊಣೆ ಎಂದಿತು. 2019ರ ಫೆಬ್ರವರಿ 1ರಿಂದ ಜಾರಿಗೆ ಬಂದ ನಿಯಮಗಳು ಈ ಮಾರುಕಟ್ಟೆ ಪದ್ಧತಿಯನ್ನು ಇನ್ನಷ್ಟು ಬಿಗಿಗೊಳಿಸಿದವು. ಊರಿನ ಸಣ್ಣ ಅಂಗಡಿಗಳು ದೊಡ್ಡ ಬಂಡವಾಳದ ಎದುರು ನೆಲಕಚ್ಚಬಾರದೆಂಬುದು ಈ ನೀತಿಯ ಹಿಂದಿನ ಕಾಳಜಿ, ಅದು ಒಳ್ಳೆಯ ಕಾಳಜಿಯೇ. ಆದರೆ ಕೊಳ್ಳುವವರ ಕಡೆಯಿಂದ ನೋಡಿದರೆ ಚಿತ್ರ ಬದಲಾಗುತ್ತದೆ. ಜಾಹೀರಾತು ವೇದಿಕೆಯದು, ಆ್ಯಪ್ ವೇದಿಕೆಯದು, ಪೆಟ್ಟಿಗೆಯ ಮೇಲಿನ ಟೇಪಿನಲ್ಲಿರುವ ಹೆಸರೂ ವೇದಿಕೆಯದೇ. ಮಾರಿದವರ ಹೆಸರು ಬಿಲ್ಲಿನ ಸಣ್ಣಕ್ಷರದಲ್ಲಿದೆ. ಆ ಹೆಸರನ್ನು ನಂಬಿ ಇಪ್ಪತ್ತು ಸಾವಿರ ರೂಪಾಯಿ ತೆತ್ತವರು ಯಾರೂ ಇರಲಾರರು. ದಾಸ್ತಾನು ಯಾರದೆಂದು ಕಾನೂನು ಕೇಳಬಹುದು. ಧರ್ಮ ಕೇಳುವ ಪ್ರಶ್ನೆಯೇ ಬೇರೆ: ಯಾರ ಮಾತಿನ ಮೇಲೆ ಭರವಸೆಯಿಟ್ಟು ಈ ಹಣ ಕೈಬಿಟ್ಟಿತು? ನಂಬಿಕೆಯಿಂದ ಲಾಭ ಪಡೆದವರಿಗೆ ಅದರ ಭಾರವೂ ಸೇರಿದ್ದು. ಲಾಭ ನಮ್ಮ ಕಡೆಗಿರಲಿ, ಭಾರ ಬೇರೆಯವರ ಕಡೆಗಿರಲಿ ಎನ್ನುವುದಕ್ಕೆ ಕಾನೂನಿನಲ್ಲಿ ಜಾಗ ಸಿಕ್ಕರೂ ನೀತಿಯಲ್ಲಿ ಸಿಗದು.

ಕೊಟ್ಟು ಕೊಳ್ಳುವುದರಲ್ಲಿನ ನ್ಯಾಯ ನಮ್ಮ ಪರಂಪರೆಗೆ ಹೊಸ ವಿಷಯವಲ್ಲ. ಧರ್ಮಶಾಸ್ತ್ರ ಹೇಳುವ ಹದಿನೆಂಟು ವ್ಯವಹಾರಪದಗಳಲ್ಲಿ, ಎಂದರೆ ವ್ಯಾಜ್ಯದ ವಿಷಯಗಳಲ್ಲಿ, ಮಾರಿದ್ದನ್ನು ಕೊಡದಿರುವುದು, ಕೊಂಡು ಪಶ್ಚಾತ್ತಾಪ ಪಡುವುದು ಎರಡಕ್ಕೂ ಸ್ಥಾನವಿದೆ. ಕೊಂಡ ವಸ್ತುವನ್ನು ಹತ್ತು ದಿನಗಳ ಒಳಗೆ ಹಿಂದಿರುಗಿಸಬಹುದೆಂದು ಮನುಸ್ಮೃತಿ ಹೇಳುತ್ತದೆ. ಯಾಜ್ಞವಲ್ಕ್ಯ ಸ್ಮೃತಿ ಇದನ್ನು ಸರಕಿಗೆ ತಕ್ಕಂತೆ ಬಿಡಿಸಿ, ಪರೀಕ್ಷೆಯ ಅವಧಿ ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ರತ್ನಕ್ಕೆ ಏಳು ದಿನ, ಹಾಲು ಕರೆಯುವ ಹಸುವಿಗೆ ಮೂರು ದಿನ ಎಂದು ಗೊತ್ತುಮಾಡುತ್ತದೆ. ಹಣ ಪಡೆದೂ ಸರಕು ಕೊಡದವನು ಲಾಭ ಸಮೇತ ಕೊಡಬೇಕು. ಕೊಂಡವನು ಕೇಳಿದರೂ ಕೊಡದೆ ಇಟ್ಟುಕೊಂಡಾಗ ಸರಕು ಹಾಳಾದರೆ ನಷ್ಟ ಮಾರಿದವನದೇ. ಒಳ್ಳೆಯದನ್ನು ತೋರಿಸಿ ಕೆಟ್ಟದ್ದನ್ನು ಕೊಟ್ಟವನು ಬೆಲೆಯ ಎರಡರಷ್ಟು ತೆರಬೇಕೆಂದು ನಾರದಸ್ಮೃತಿ ವಿಧಿಸುತ್ತದೆ. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ಕಲ್ಯಾಣದಲ್ಲಿ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದವನು. ದಾಯಭಾಗದ ವಿಚಾರಕ್ಕೆ ಪ್ರಸಿದ್ಧವಾದ ಆ ಗ್ರಂಥ ಪೇಟೆಯ ತಂಟೆ ತಕರಾರುಗಳನ್ನೂ ಅಷ್ಟೇ ಶ್ರದ್ಧೆಯಿಂದ ಚರ್ಚಿಸುತ್ತದೆ. ಈ ಸ್ಮೃತಿಗಳ ಸಮಾಜವನ್ನು ನಾವು ಬಯಸಬೇಕಾಗಿಲ್ಲ. ಪರೀಕ್ಷಿಸಿ ಹಿಂದಿರುಗಿಸಬಹುದಾದ ‘ಸರಕು’ಗಳ ಅದೇ ಪಟ್ಟಿಯಲ್ಲಿ ದಾಸದಾಸಿಯರೂ ಇದ್ದಾರೆ ಎಂಬುದನ್ನು ಮರೆಯುವಂತಿಲ್ಲ. ಆದರೂ ವ್ಯಾಪಾರದ ಮಟ್ಟಿಗೆ ಅವು ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದಿದ್ದವು. ಕೊಂಡವನ ಎದುರು ಒಬ್ಬ ಮಾರಿದವನಿದ್ದಾನೆ, ಅವನು ಉತ್ತರ ಹೇಳಲೇಬೇಕು. ಆ ಮಾರಿದವನೇ ಐದು ಸಂಸ್ಥೆಗಳ ನಡುವೆ ಹಂಚಿಹೋಗಿ ಯಾರೂ ಅಲ್ಲದಂತಾಗುವ ಸ್ಥಿತಿಯನ್ನು ಅವು ಕಲ್ಪಿಸಿಕೊಂಡಿರಲಿಲ್ಲ.

ಕ್ಷಮೆಯ ವಿಷಯಕ್ಕೆ ಬಂದರೆ ಪರಂಪರೆಯ ನಿಲುವು ಇನ್ನೂ ಸ್ಪಷ್ಟ. ಕದ್ದವನಿಗೆ ಪ್ರಾಯಶ್ಚಿತ್ತ ಹೇಳುವಾಗ ಮನುಸ್ಮೃತಿ, ಕದ್ದ ವಸ್ತುವನ್ನು ಹಿಂದಿರುಗಿಸಿ ಆಮೇಲೆ ವ್ರತ ಮಾಡಬೇಕೆನ್ನುತ್ತದೆ. ಪರರ ಹಕ್ಕನ್ನು ಹಿಂದಿರುಗಿಸದೆ ಪಶ್ಚಾತ್ತಾಪ ಪೂರ್ಣವಾಗದು ಎಂದು ಇಸ್ಲಾಂ ಹೇಳುತ್ತದೆ. ದೋಷವಿರುವ ಸರಕನ್ನು ಹಿಂದಿರುಗಿಸುವ ಆಯ್ಕೆಯನ್ನು ಅದರ ನ್ಯಾಯಶಾಸ್ತ್ರ ಕೊಂಡವರಿಗೆ ಕೊಡುತ್ತದೆ. ಅಚೌರ್ಯವ್ರತಕ್ಕೆ ಕುಂದು ತರುವ ನಡತೆಗಳಲ್ಲಿ ತೂಕ ಅಳತೆಯ ಮೋಸವನ್ನೂ, ಅಸಲಿಯ ಜಾಗದಲ್ಲಿ ನಕಲಿಯನ್ನು ಸಾಗಿಸುವುದನ್ನೂ ಜೈನರ ತತ್ತ್ವಾರ್ಥಸೂತ್ರ ಎಣಿಸುತ್ತದೆ. ಅಂದರೆ ಬೀಗ ಒಡೆಯದೆಯೂ ಕಳ್ಳತನವಾಗಬಹುದು. ಶರಣರ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ತಂದಲ್ಲಿಗೇ ಹಾಕಿ ಬರುವಂತೆ ಹೇಳಿದಳೆಂಬುದು ಕನ್ನಡಿಗರೆಲ್ಲ ಬಲ್ಲ ಸಂಗತಿ. ತನಗೆ ಸಲ್ಲದ್ದು ಒಂದು ಹೊತ್ತು ತನ್ನ ಮನೆಯಲ್ಲಿರುವುದೂ ಅವಳಿಗೆ ಒಪ್ಪಿಗೆಯಾಗಲಿಲ್ಲ. ಇವೆಲ್ಲವುಗಳಿಂದ ಹೊರಡುವ ತತ್ತ್ವ ಸರಳವಾದದ್ದು. ಕ್ಷಮೆಯಲ್ಲಿ ಮೂರು ಅಂಗಗಳಿವೆ: ತಪ್ಪು ನನ್ನದೆಂಬ ಒಪ್ಪಿಗೆ, ಆದ ನಷ್ಟವನ್ನು ತುಂಬಿಕೊಡುವುದು, ಮತ್ತೆ ಮಾಡಬಾರದೆಂಬ ನಿಶ್ಚಯ. ಕರೆ ಸ್ವೀಕರಿಸಿದವರು ಹೇಳುವ ವಿಷಾದದಲ್ಲಿ ಈ ಮೂರರಲ್ಲಿ ಒಂದೂ ಇರಲಾರದು. ತಪ್ಪು ಅವರದಲ್ಲ, ನಷ್ಟ ತುಂಬುವ ಅಧಿಕಾರ ಅವರಿಗಿಲ್ಲ, ನಾಳೆಯ ನೀತಿಯನ್ನು ನಿಶ್ಚಯಿಸುವವರು ಅವರಲ್ಲ. ಕೊಂಡವರ ಹಣ ಮಾತ್ರ ಕಂಪನಿಯ ಬಳಿಯೇ ಉಳಿದಿರುತ್ತದೆ.

ಮಾತು ಬಿಡಿ, ಹಣ ಹಿಂದಿರುಗಿದರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು ಎಂಬುದಕ್ಕೆ ಕಾರಣವಿದೆ. ಇಂಗ್ಲೆಂಡಿನ ತತ್ತ್ವಜ್ಞಾನಿ ಪಿ.ಎಫ್. ಸ್ಟ್ರಾಸನ್ 1962ರಲ್ಲಿ ಮನುಷ್ಯರ ಅಸಮಾಧಾನದ ಬಗ್ಗೆ ಒಂದು ಮಹತ್ವದ ವಿಚಾರ ಮುಂದಿಟ್ಟರು. ನಮಗೆ ನೋವು ಮಾಡಿದವರ ಮೇಲೆ ಸಿಟ್ಟಾಗುವುದೆಂದರೆ ಅವರನ್ನು ಹೊಣೆಗಾರ ಮನುಷ್ಯರೆಂದು ಗಣಿಸುವುದು. ಬಿರುಗಾಳಿಯ ಮೇಲೆ ಯಾರೂ ಆಪಾದನೆ ಹೊರಿಸುವುದಿಲ್ಲ, ಅದನ್ನು ನಿಭಾಯಿಸುತ್ತಾರೆ ಅಷ್ಟೆ. ಈ ಬೆಳಕಿನಲ್ಲಿ ನೋಡಿದರೆ, ದೂರು ಕೊಡುವವರು ಕೇಳುತ್ತಿರುವುದು ಹಣವನ್ನಷ್ಟೇ ಅಲ್ಲ. ತಮ್ಮ ಮಾತು ಇನ್ನೊಬ್ಬ ಮನುಷ್ಯರಿಗೆ ತಟ್ಟಿ ಅವರಿಂದ ಕಾರಣಸಹಿತವಾದ ಉತ್ತರ ಬರಬೇಕು ಎಂಬುದನ್ನು. ಚಾಟ್‌ಬಾಟ್ ಮೂರು ಆಯ್ಕೆ ತೋರಿಸಿ, ಕಷ್ಟ ಆ ಮೂರರಲ್ಲಿ ಸೇರದಿದ್ದಾಗ ಮೊದಲಿನಿಂದ ಶುರುಮಾಡಿದರೆ, ದೂರು ಕೊಟ್ಟವರು ತಾವೂ ಒಂದು ಸಂಖ್ಯೆಯಾಗಿಬಿಟ್ಟದ್ದನ್ನು ಅನುಭವಿಸುತ್ತಾರೆ. ಯಂತ್ರದ ಹಿಂದೆ ಹೊಣೆ ಅಡಗಿಕೊಳ್ಳುವುದು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಕೆನಡಾದ ಒಂದು ಪ್ರಕರಣ ಸಾಕ್ಷಿ. ಏರ್ ಕೆನಡಾ ವಿಮಾನ ಸಂಸ್ಥೆಯ ಚಾಟ್‌ಬಾಟ್, ಬಂಧುವಿನ ಸಾವಿನ ಕಾರಣ ಪ್ರಯಾಣಿಸುವವರಿಗಿದ್ದ ರಿಯಾಯಿತಿಯ ಬಗ್ಗೆ ಪ್ರಯಾಣಿಕರೊಬ್ಬರಿಗೆ ತಪ್ಪು ಮಾಹಿತಿ ಕೊಟ್ಟಿತ್ತು. ವಿಷಯ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಗೆ ಹೋದಾಗ, ಚಾಟ್‌ಬಾಟ್ ಹೇಳಿದ್ದಕ್ಕೆ ಅದೇ ಹೊಣೆ, ತಾನಲ್ಲ ಎಂಬ ಅರ್ಥ ಬರುವ ವಾದವನ್ನು ಸಂಸ್ಥೆ ಮಂಡಿಸಿತು. 2024ರ ಫೆಬ್ರವರಿಯಲ್ಲಿ ಮಂಡಳಿ ಆ ವಾದವನ್ನು ತಳ್ಳಿಹಾಕಿ, ಜಾಲತಾಣದಲ್ಲಿರುವ ಎಲ್ಲ ಮಾಹಿತಿಗೂ ಸಂಸ್ಥೆಯೇ ಹೊಣೆ ಎಂದು ಪರಿಹಾರ ಕೊಡಿಸಿತು. ಮೊತ್ತ ಸಣ್ಣದು, ತತ್ತ್ವ ದೊಡ್ಡದು.

ಯಂತ್ರವನ್ನು ದಾಟಿ ಮನುಷ್ಯರ ದನಿ ಸಿಕ್ಕಿದಾಗ ಅನ್ಯಾಯದ ಎರಡನೆಯ ಮುಖ ಕಾಣುತ್ತದೆ. ಬೆಂಗಳೂರು ಈ ಕೆಲಸವನ್ನು ಕಾಲು ಶತಮಾನದಿಂದ ಹತ್ತಿರದಿಂದ ಬಲ್ಲದು. ಕಾಲ್ ಸೆಂಟರ್‌ನಲ್ಲಿ ಕೂತ ಹುಡುಗಿಯ ಎದುರು ಬರೆದುಕೊಟ್ಟ ಸಂಭಾಷಣೆಯಿದೆ, ಒಂದು ಕರೆಗೆ ಸರಾಸರಿ ಇಷ್ಟೇ ನಿಮಿಷವೆಂಬ ಗುರಿಯಿದೆ, ಕರೆ ಮುಗಿದ ಮೇಲೆ ಗ್ರಾಹಕರು ಕೊಡುವ ಅಂಕವಿದೆ. ಇಲ್ಲದಿರುವುದು, ಈ ಫೋನನ್ನು ಬದಲಿಸಿಕೊಡಿ ಎಂದು ಆದೇಶಿಸುವ ಗುಂಡಿ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೊಕ್‌ಷೀಲ್ಡ್ 1983ರಲ್ಲಿ ವಿಮಾನದ ಪರಿಚಾರಿಕೆಯರನ್ನೂ ಸಾಲ ವಸೂಲಿಗಾರರನ್ನೂ ಅಭ್ಯಸಿಸಿ, ಸಂಬಳಕ್ಕಾಗಿ ಭಾವನೆಯನ್ನು ಹದಗೊಳಿಸಿ ತೋರಿಸಬೇಕಾದ ದುಡಿಮೆ ಮನುಷ್ಯರನ್ನು ಅವರ ಸ್ವಂತ ಭಾವನೆಗಳಿಂದಲೇ ಹೇಗೆ ದೂರ ಮಾಡುತ್ತದೆಂದು ತೋರಿಸಿದರು. ಗ್ರಾಹಕ ಸೇವೆಯಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಇಲ್ಲಿ ಒಬ್ಬರ ಸೌಜನ್ಯವನ್ನು ಕೊಂಡು ಅದನ್ನು ಕಂಪನಿಗೂ ದೂರುದಾರರಿಗೂ ನಡುವೆ ಗೋಡೆಯಾಗಿ ನಿಲ್ಲಿಸಲಾಗುತ್ತದೆ. ಕೊಂಡವರ ಸಿಟ್ಟು ನ್ಯಾಯವಾದದ್ದು, ಆದರೆ ಅದು ಬೀಳುವುದು ನಿರಪರಾಧಿಯ ಮೇಲೆ. ಬೈಸಿಕೊಂಡವರು ಸಹನೆಯಿಂದಲೇ ಮಾತಾಡುತ್ತಾರೆ, ಆದರೆ ಆ ಸಹನೆ ಅನ್ಯಾಯಕ್ಕೆ ರಕ್ಷಣೆಯಾಗುತ್ತದೆ. ಎರಡು ಕಡೆಯವರ ಒಳ್ಳೆಯ ಗುಣಗಳನ್ನೂ ಕೆಟ್ಟ ಫಲಕ್ಕೆ ತಿರುಗಿಸುವ ವ್ಯವಸ್ಥೆಯನ್ನು ಬರೀ ಅದಕ್ಷವೆಂದು ಕರೆದರೆ ಅದರ ದೋಷವನ್ನು ಕಡಿಮೆಮಾಡಿ ಹೇಳಿದಂತಾಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಾತ್ರದ್ದು ಮತ್ತು ಬೆಲೆಯದ್ದು. ಕೋಟಿಗಟ್ಟಲೆ ಆರ್ಡರು ಸಾಗಿಸುವ ಸಂಸ್ಥೆ ಪ್ರತಿಯೊಂದು ದೂರಿಗೂ ಅಧಿಕಾರವುಳ್ಳ ಒಬ್ಬರನ್ನು ಕೂರಿಸಲು ಸಾಧ್ಯವೇ? ಕೂರಿಸಿದರೆ ಫೋನಿನ ಬೆಲೆ ಏರುವುದಿಲ್ಲವೇ? ಕೆಲಸ ಹಂಚಿಕೊಳ್ಳುವುದರಿಂದ ಸರಕು ಅಗ್ಗವಾಗಿದೆ, ದೂರದ ಹಳ್ಳಿಗೂ ತಲುಪಿದೆ ಎಂಬುದು ನಿಜ, ಆ ಲಾಭ ಸಣ್ಣದಲ್ಲ. ಆದರೆ ಕೆಲಸವನ್ನು ಹಂಚಿದ ಮಾತ್ರಕ್ಕೆ ಹೊಣೆಯೂ ಹಂಚಿಹೋಗಬೇಕಾಗಿಲ್ಲ. ಮನೆ ಕಟ್ಟಿಸುವಾಗ ಗಾರೆಯವರು, ಬಡಗಿ, ಕಬ್ಬಿಣದವರು ಬೇರೆ ಬೇರೆಯಾಗಿದ್ದರೂ ಗೋಡೆ ಬಿರುಕು ಬಿಟ್ಟರೆ ಗುತ್ತಿಗೆದಾರ ಉತ್ತರ ಹೇಳುತ್ತಾನೆ; ಒಳಗಿನ ಲೆಕ್ಕವನ್ನು ಅವರೊಡನೆ ಆಮೇಲೆ ಇತ್ಯರ್ಥ ಮಾಡಿಕೊಳ್ಳುತ್ತಾನೆ. ದೇಶದ 19,000ಕ್ಕೂ ಹೆಚ್ಚು ಪಿನ್‌ಕೋಡ್‌ಗಳಲ್ಲಿ ಯಾವ ಪೊಟ್ಟಣ ಈ ಗಳಿಗೆಯಲ್ಲಿ ಎಲ್ಲಿದೆ ಎಂದು ತೋರಿಸಬಲ್ಲ ತಂತ್ರಜ್ಞಾನಕ್ಕೆ ಒಂದು ದೂರು ಯಾರ ಮೇಜಿನ ಮೇಲಿದೆ ಎಂದು ತೋರಿಸುವುದು ಕಷ್ಟವಾಗದು. ಸಾಮರ್ಥ್ಯದ ಕೊರತೆಯಿಲ್ಲ, ಸಾಮರ್ಥ್ಯವನ್ನು ಮಾರಾಟದ ಕಡೆಗೆ ಸುರಿದು ಪರಿಹಾರದ ಕಡೆಗೆ ಬತ್ತಿಸಲಾಗಿದೆ. ಇನ್ನು ಅಗ್ಗದ ಬೆಲೆ. ಕೆಟ್ಟ ಸರಕು ಸಿಕ್ಕ ಕೆಲವರ ನಷ್ಟದಿಂದ ಉಳಿದವರಿಗೆ ಬೆಲೆ ಇಳಿಯುವುದಾದರೆ, ಆ ಕೆಲವರು ತಮ್ಮ ಒಪ್ಪಿಗೆಯಿಲ್ಲದೆ ಎಲ್ಲರ ತೆರಿಗೆಯನ್ನು ಕಟ್ಟುತ್ತಿದ್ದಾರೆಂದೇ ಅರ್ಥ. ಆ ಹೊರೆಯನ್ನು ಎಲ್ಲರ ಮೇಲೆ ಸಮನಾಗಿ ಹಂಚಿ ಬೆಲೆ ಕೊಂಚ ಏರಿದರೆ ಅದೇ ನ್ಯಾಯವಾದ ಬೆಲೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಗ್ರಾಹಕರೆಲ್ಲ ಸತ್ಯವಂತರೇ? ಹೊಸ ಫೋನಿಟ್ಟುಕೊಂಡು ಹಳೆಯದನ್ನು ಪೆಟ್ಟಿಗೆಗೆ ಹಾಕಿ ಕಳಿಸುವವರಿದ್ದಾರೆ, ಬಂದ ವಸ್ತುವನ್ನು ಬಂದಿಲ್ಲವೆನ್ನುವವರಿದ್ದಾರೆ. ಆ ಮೋಸಕ್ಕೆ ಸಣ್ಣ ಮಾರಾಟಗಾರರೂ ಬಲಿಯಾಗುತ್ತಾರೆ. ಇದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ. ಹಳೆಯ ಶಾಸ್ತ್ರಗಳೂ ಇದನ್ನು ಮರೆತಿರಲಿಲ್ಲ. ಕೊಳ್ಳುವವನು ಮೊದಲೇ ಪರೀಕ್ಷಿಸಿ ನೋಡಬೇಕೆಂದು ಅವು ಹೇಳಿದವು, ಹಿಂದಿರುಗಿಸುವುದಕ್ಕೆ ಅವಧಿಯ ಮಿತಿ ಹಾಕಿದವು. ಕೊಂಡ ದಿನವೇ ಹಿಂದಿರುಗಿಸಿದರೆ ಪೂರ್ತಿ ಬೆಲೆ, ಎರಡನೆಯ ದಿನವಾದರೆ ಮೂವತ್ತರಲ್ಲಿ ಒಂದು ಭಾಗ ಕಡಿತ, ಮೂರನೆಯ ದಿನ ಅದರ ಇಮ್ಮಡಿ ಎಂದು ನಾರದಸ್ಮೃತಿ ಲೆಕ್ಕ ಹಾಕಿತು. ಆದ್ದರಿಂದ ತನಿಖೆ ಬೇಡವೆಂದು ನಾನು ಹೇಳುವುದಿಲ್ಲ. ಪೆಟ್ಟಿಗೆಯನ್ನು ಡೆಲಿವರಿ ಹುಡುಗನ ಎದುರೇ ತೆರೆಯುವುದು, ತೆರೆಯುವಾಗ ವಿಡಿಯೊ ಮಾಡಿಕೊಳ್ಳುವುದು, ಫೋನಿನ ಐಎಂಇಐ ಸಂಖ್ಯೆಯನ್ನು ಬಿಲ್ಲಿನ ಜೊತೆ ಹೋಲಿಸಿ ನೋಡುವುದು ಎಲ್ಲವೂ ಸರಿ. ಆದರೆ ತನಿಖೆಗೂ ಸಂಶಯಕ್ಕೂ ವ್ಯತ್ಯಾಸವಿದೆ. ತನಿಖೆ ಮಾಡುವವರು ಸಾಕ್ಷ್ಯವನ್ನು ನೋಡುತ್ತಾರೆ, ಒಂದು ತೀರ್ಮಾನಕ್ಕೆ ಬರುತ್ತಾರೆ, ಅದರ ಕಾರಣ ಹೇಳುತ್ತಾರೆ, ಮೇಲ್ಮನವಿಗೆ ದಾರಿ ಬಿಡುತ್ತಾರೆ. ‘ನಿಮ್ಮ ಕೋರಿಕೆಯನ್ನು ತಿರಸ್ಕರಿಸಲಾಗಿದೆ’ ಎಂಬ ಒಂದು ಸಾಲಿನ ಸಂದೇಶದಲ್ಲಿ ಇದಾವುದೂ ಇಲ್ಲ. ಕಾರಣ ಹೇಳದೆ ತಿರಸ್ಕರಿಸುವುದೆಂದರೆ ಕಳ್ಳನೆಂದು ಹೆಸರಿಟ್ಟು ವಿಚಾರಣೆಯ ಅವಕಾಶವನ್ನೇ ಕೊಡದಿರುವುದು. ಕೆಲವರ ಮೋಸ ಎಲ್ಲರನ್ನೂ ಹಾಗೆ ನಡೆಸಿಕೊಳ್ಳಲು ಪರವಾನಗಿಯಾಗದು.

ಕಾನೂನು ಇದೆಯಲ್ಲ, ಬೇಡವಾದರೆ ಬೇರೆ ಕಡೆ ಕೊಳ್ಳಬಹುದಲ್ಲ ಎಂಬುದು ಮೂರನೆಯ ಆಕ್ಷೇಪ. ಕಾನೂನು ನಿಜಕ್ಕೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬಂದ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಪ್ರತಿಯೊಂದು ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಅವರ ಹೆಸರನ್ನೂ ಸಂಪರ್ಕ ವಿವರವನ್ನೂ ಪ್ರಕಟಿಸಬೇಕು. ದೂರು ತಲುಪಿದ್ದನ್ನು 48 ಗಂಟೆಗಳಲ್ಲಿ ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ದೋಷವಿರುವ, ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಕೊಂಡವರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹೂಡಬಹುದು, ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಇದು ದೊಡ್ಡ ಗಳಿಕೆ. ನನ್ನ ವಾದಕ್ಕೆ ಇದು ವಿರೋಧವಲ್ಲ, ಬೆಂಬಲ: ಹೆಸರಿರುವ ಒಬ್ಬ ಮನುಷ್ಯ ಉತ್ತರ ಹೇಳಬೇಕೆಂಬ ತತ್ತ್ವವನ್ನು ಕಾನೂನೇ ಒಪ್ಪಿದೆ. ಆದರೆ ಆ ಅಧಿಕಾರಿಯ ಹೆಸರು ಜಾಲತಾಣದ ತಳದಲ್ಲಿ ಎಲ್ಲೋ ಇರುತ್ತದೆ; ಸಹಾಯವೆಂಬ ಗುಂಡಿ ಒತ್ತಿದವರು ತಲುಪುವುದು ಚಾಟ್‌ಬಾಟ್‌ಗೆ. ಆಯೋಗಕ್ಕೆ ಹೋದರೆ ತಿಂಗಳುಗಳು ಬೇಕು. ದಿನಗೂಲಿ ಬಿಟ್ಟು ಹೋಗಬೇಕಾದವರು ಹತ್ತು ಸಾವಿರದ ಫೋನಿನ ಆಸೆಯನ್ನೇ ಬಿಡುತ್ತಾರೆ. ಇನ್ನು ಬೇರೆ ಕಡೆ ಕೊಳ್ಳುವ ಸ್ವಾತಂತ್ರ್ಯ ಮುಂದಿನ ಖರೀದಿಯನ್ನು ಕುರಿತದ್ದು, ಆಗಿಹೋದ ಅನ್ಯಾಯವನ್ನು ಅದು ಮುಟ್ಟುವುದೂ ಇಲ್ಲ.

ಕೊನೆಯ ಆಕ್ಷೇಪ ಧರ್ಮದ ಕಡೆಯಿಂದಲೇ ಬರುವಂಥದ್ದು. ಒಂದು ಫೋನಿಗಾಗಿ ಇಷ್ಟು ಕಳವಳವೇಕೆ? ವಸ್ತುವಿನ ಮೋಹವನ್ನು ಬಿಡಲು, ಕೋಪವನ್ನು ಗೆಲ್ಲಲು ಗೀತೆಯಿಂದ ಬುದ್ಧನವರೆಗೆ ಎಲ್ಲರೂ ಹೇಳಿಲ್ಲವೇ? ಹೇಳಿದ್ದಾರೆ, ಆ ಮಾತಿಗೆ ತಲೆಬಾಗುತ್ತೇನೆ. ಆದರೆ ತ್ಯಾಗ ಬಿಡುವವರ ಸ್ವಂತ ನಿರ್ಧಾರದಿಂದ ಆಗಬೇಕಾದದ್ದು. ಇನ್ನೊಬ್ಬರ ಹಣವನ್ನು ಹಿಡಿದುಕೊಂಡವರು ಅವರಿಗೆ ವೈರಾಗ್ಯ ಬೋಧಿಸಿದರೆ ಅದು ಧರ್ಮವಾಗದು. ಸಹನೆ ನೊಂದವರ ಗುಣವಾಗಿ ಶೋಭಿಸುತ್ತದೆ, ನೋಯಿಸಿದವರ ವ್ಯಾಪಾರನೀತಿಗೆ ಆಧಾರವಾದಾಗ ಶೋಷಣೆಯಾಗುತ್ತದೆ. ಅದೂ ಅಲ್ಲದೆ ಫೋನು ಈಗ ಬರೀ ಮೋಹದ ವಸ್ತುವಾಗಿ ಉಳಿದಿಲ್ಲ. ಆಟೊ ಓಡಿಸುವವರಿಗೆ ಬಾಡಿಗೆ ಬರುವುದು ಅದರಲ್ಲಿ, ತರಕಾರಿ ಮಾರುವವರಿಗೆ ಹಣ ಬರುವುದು ಅದರಲ್ಲಿ, ಸಂಜೆ ಕಾಲೇಜಿನ ಹುಡುಗನ ಪಾಠವೂ ಅದರಲ್ಲೇ. ಕಂತಿನಲ್ಲಿ ಕೊಂಡ ಫೋನು ಮೂರು ವಾರ ಸತ್ತು ಬಿದ್ದಿದ್ದರೆ ಅವರ ಕಾಯಕಕ್ಕೇ ಪೆಟ್ಟು. ಕೋಪವನ್ನು ಗೆಲ್ಲಬೇಕು, ನಿಜ. ಅನ್ಯಾಯ ಕಂಡ ಮೇಲೂ ನ್ಯಾಯ ಕೇಳಬಾರದೆಂದು ಇದರ ಅರ್ಥವಲ್ಲ. ದ್ವೇಷವಿಲ್ಲದೆ, ಆದರೆ ಬಿಡದೆ ಕೇಳುವುದು ಸಾಧ್ಯವಿದೆ.

ಹಾಗಾದರೆ ಆಗಬೇಕಾದದ್ದೇನು? ಕೊಂಡವರ ನಂಬಿಕೆ ಪಡೆದ ವೇದಿಕೆಯೇ ಮೊದಲು ಹಣ ಹಿಂದಿರುಗಿಸಲಿ, ತಪ್ಪು ಮಾರಿದವರದೋ ಕಂಪನಿಯದೋ ಕೊರಿಯರ್‌ನವರದೋ ಎಂಬುದನ್ನು ಅವರವರಲ್ಲಿ ಆಮೇಲೆ ತೀರ್ಮಾನಿಸಿಕೊಳ್ಳಲಿ. ಒಂದು ದೂರಿಗೆ ಮೊದಲಿನಿಂದ ಕೊನೆಯವರೆಗೆ ಹೆಸರಿರುವ ಒಬ್ಬರು ಇರಲಿ. ಇಂತಿಷ್ಟು ಮೊತ್ತದವರೆಗೆ ಯಾರನ್ನೂ ಕೇಳದೆ ಪರಿಹಾರ ಕೊಡುವ ಅಧಿಕಾರ ಕರೆ ಸ್ವೀಕರಿಸುವವರ ಕೈಯಲ್ಲೇ ಇರಲಿ. ವಿವಾದ ಮುಗಿಯುವವರೆಗೆ ಕಂತಿನ ಕಡಿತ ನಿಲ್ಲಲಿ. ತಿರಸ್ಕರಿಸಿದರೆ ಕಾರಣವನ್ನು ಬರೆದು ಕೊಡಲಿ. ಕೊಂಡವರಿಗೂ ಕರ್ತವ್ಯವಿದೆ. ಕರೆ ಸ್ವೀಕರಿಸಿದ ಹುಡುಗಿಯನ್ನು ಬೈಯುವುದರಿಂದ ತಪ್ಪು ಮಾಡಿದವರಿಗೆ ಏನೂ ತಾಗುವುದಿಲ್ಲ. ಅವಳೊಡನೆ ಮರ್ಯಾದೆಯಿಂದ ಮಾತಾಡಿ, ದೂರನ್ನು ಕುಂದುಕೊರತೆ ಅಧಿಕಾರಿಗೆ ಬರೆದು ಕಳಿಸಿ, ಅಲ್ಲಿಯೂ ಆಗದಿದ್ದರೆ 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಗೂ ಜಿಲ್ಲಾ ಆಯೋಗಕ್ಕೂ ಒಯ್ಯಬೇಕು. ಬೇಸತ್ತು ಬಿಟ್ಟುಬಿಟ್ಟ ಪ್ರತಿಯೊಂದು ದೂರೂ, ಹೊಣೆಯಿಂದ ನುಣುಚಿಕೊಳ್ಳುವುದು ಲಾಭದ ದಾರಿಯೆಂಬ ಪಾಠವನ್ನು ಕಂಪನಿಗೆ ಕಲಿಸುತ್ತದೆ. ಕೊನೆಯವರೆಗೆ ಒಯ್ದ ದೂರು ಆ ಲೆಕ್ಕವನ್ನು ತಿರುಗಿಸುತ್ತದೆ, ನಾಳೆ ಅದೇ ಜಾಲತಾಣದಲ್ಲಿ ಕೊಳ್ಳುವ ಅಪರಿಚಿತರನ್ನೂ ಕಾಯುತ್ತದೆ. ಆದಕಾರಣ ಹಾಗೆ ದೂರು ಒಯ್ಯುವುದನ್ನು ಜಿಪುಣತನವೆಂದೋ ಜಗಳಗಂಟಿತನವೆಂದೋ ಯಾರೂ ನಾಚಿಕೊಳ್ಳಬೇಕಾಗಿಲ್ಲ. ಅದು ಪರರಿಗಾಗಿಯೂ ಮಾಡುವ ಧರ್ಮಕಾರ್ಯ.